ಹಲ್ಲು ಅಂದುಬಿಟ್ಟರೆ ಮನೆಯಲ್ಲಿ ಯಾರೂ ಬೈಯಲ್ಲ

ನಾನು ಆಪ್ತಸಲಹೆಗಾರ್ತಿ, ಹೊಸದಾಗಿ ತಾಯಿಯಾದವರ ಜೊತೆ ಮಾತಾಡುವುದು ನನ್ನ ಕೆಲಸ. ನಿದ್ದೆ ಬರಲ್ಲ, ಸುಮ್ನೆ ಸುಮ್ನೆ ಅಳು ಬರುತ್ತೆ, ಮನೆಯವರ ಜೊತೆ ಸರಿಹೋಗ್ತಿಲ್ಲ ಅಂತ ಬರುತ್ತಾರೆ. ಮಾತು ಸ್ವಲ್ಪ ಮುಂದೆ ಹೋದರೆ ಸಾಕು, ಮಗುವಿನ ಹಲ್ಲಿನ ವಿಷಯ ಬಂದೇ ಬರುತ್ತದೆ. ಮೂರು ತಿಂಗಳ ಮಗು ಅತ್ತರೂ ಹಲ್ಲು, ವರ್ಷದ ಮಗುವಿಗೆ ಭೇದಿಯಾದರೂ ಹಲ್ಲು. ಇಲ್ಲಿ ಬರೆಯುತ್ತಿರುವ ಪ್ರಕರಣ ಅಪರೂಪದ್ದೇನೂ ಅಲ್ಲ. ಮೇಲಿಂದ ಮೇಲೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಆ ತಾಯಿಯ ಒಪ್ಪಿಗೆಯೂ ಇದೆ.

ಆಕೆಗೆ ಇದು ಮೊದಲ ಮಗು. ನಾಲ್ಕು ತಿಂಗಳು ತುಂಬಿತ್ತು. ಮನೆಯಲ್ಲಿ ಗಂಡ, ಅತ್ತೆ, ಮಾವ. ಮಗು ಸಂಜೆಯಾದರೆ ಅಳು ಶುರುಮಾಡುತ್ತಿತ್ತು, ರಾತ್ರಿ ಪದೇ ಪದೇ ಏಳುತ್ತಿತ್ತು. ಆಕೆ ನಿದ್ದೆಗೆಟ್ಟು ಸೋತುಹೋಗಿದ್ದರು. ಮೊದಲ ಭೇಟಿಗಳಲ್ಲಿ ಮಾತಾಡಿದ್ದು ಬರೀ ನಿದ್ದೆಯ ಬಗ್ಗೆ.

ಹೇಳಬೇಕಾದದ್ದು ಅದಾದ ಮೇಲಿನ ಒಂದು ಭೇಟಿಯ ಬಗ್ಗೆ. ಅವತ್ತು ಮಗುವನ್ನೂ ಕರೆದುಕೊಂಡು ಬಂದಿದ್ದರು. ಕೂಸಿನ ಕತ್ತಿನ ಮಡಿಕೆಯವರೆಗೂ ಜೊಲ್ಲು ಇಳಿದಿತ್ತು, ಅಂಗಿಯ ಎದೆಭಾಗ ಪೂರ್ತಿ ಒದ್ದೆ. ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು. "ನೋಡಿ ಮೇಡಂ, ಹಲ್ಲು ಬರ್ತಿದೆ. ಅದಕ್ಕೇ ಇಷ್ಟೆಲ್ಲ" ಅಂತ ಹೇಳುತ್ತಾ ಚೀಲದಿಂದ ಒಂದು ಸಣ್ಣ ಟ್ಯೂಬ್ ತೆಗೆದರು. ವಸಡಿಗೆ ಹಚ್ಚಿದರೆ ಜೋಮು ಹಿಡಿಸುವ ಜೆಲ್. ಯಾರೋ ಪರಿಚಯದವರು ಕೊಟ್ಟಿದ್ದಂತೆ. ಇನ್ನೂ ಹಚ್ಚಿರಲಿಲ್ಲ, ನನ್ನನ್ನು ಕೇಳಿ ಹಚ್ಚೋಣ ಅಂದುಕೊಂಡಿದ್ದರು.

ಜೆಲ್ ಆಮೇಲೆ ನೋಡೋಣ, ಮೊದಲು ಕೈ ತೊಳೆದುಕೊಂಡು ಬನ್ನಿ ಅಂದೆ. ಬಂದ ಮೇಲೆ ತೋರುಬೆರಳನ್ನು ಮಗುವಿನ ಕೆಳವಸಡಿನ ಮೇಲೆ ನಿಧಾನಕ್ಕೆ ಆಡಿಸಲು ಹೇಳಿದೆ. ಹೆಚ್ಚಿನ ಮಕ್ಕಳಿಗೆ ಮೊದಲು ಬರುವುದು ಕೆಳಗಿನ ಸಾಲಿನ ನಡುವಿನ ಎರಡು ಹಲ್ಲು. ಹಲ್ಲು ಹತ್ತಿರ ಬಂದಿದ್ದರೆ ಅಲ್ಲಿ ವಸಡು ಉಬ್ಬಿರುತ್ತದೆ, ಸ್ವಲ್ಪ ಕೆಂಪಾಗಿರುತ್ತದೆ. ಒಳಗೆ ಬಿಳಿ ಗೆರೆ ಕಾಣಬಹುದು. ಬೆರಳಿಗೆ ಗಟ್ಟಿ ಅಂಚು ತಾಗುತ್ತದೆ. ಕೆಲವು ಮಕ್ಕಳಿಗೆ ನೀಲಿ ಬಣ್ಣದ ಸಣ್ಣ ಗುಳ್ಳೆಯೂ ಏಳುವುದುಂಟು, ಅದು ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ.

ಮಗು ಬೆರಳನ್ನು ವಸಡಿನಿಂದ ಗಟ್ಟಿಯಾಗಿ ಅಮುಕಿ ಹಿಡಿಯಿತು, ಅಮ್ಮನ ಮುಖ ನೋಡಿ ನಕ್ಕಿತು. ಆಕೆ ಈ ತುದಿಯಿಂದ ಆ ತುದಿವರೆಗೂ ಬೆರಳಾಡಿಸಿದರು. ಎಲ್ಲ ಕಡೆ ನುಣುಪು. "ಏನೂ ಸಿಗ್ತಿಲ್ಲ" ಅಂದರು. ಇಷ್ಟು ಹೊತ್ತಿಗೆ ಸಮಾಧಾನ ಆಗಬೇಕಿತ್ತು, ಅಲ್ವಾ? ಆಕೆಯ ಮುಖ ಮಾತ್ರ ಸಪ್ಪಗಾಯಿತು.

"ಹಲ್ಲಲ್ಲ ಅಂತ ಮಾತ್ರ ಹೇಳ್ಬೇಡಿ ಮೇಡಂ" ಅಂದರು. "ಹಲ್ಲು ಅಂದುಬಿಟ್ರೆ ಮನೇಲಿ ಯಾರೂ ನನ್ನ ಬೈಯಲ್ಲ. ಹಲ್ಲಲ್ಲ ಅಂದ್ರೆ ಮತ್ತೆ ನನ್ನ ಹಾಲೇ ಸಾಲಲ್ಲ ಅಂತಾರೆ. ಎತ್ಕೊಳ್ಳೋಕೇ ಬರಲ್ಲ ಅಂತಾರೆ."

ಆ ಮಾತು ಕೇಳಿದ ಮೇಲೆ ನಾನು ನಿದ್ದೆಯ ವಿಷಯವನ್ನು ಪಕ್ಕಕ್ಕಿಟ್ಟೆ. ಇಂಥ ಮನೆಗಳನ್ನು ಬಹಳ ನೋಡಿದ್ದೇನೆ. ಮಗು ಅತ್ತ ಕೂಡಲೇ ಯಾರ ತಪ್ಪು ಅನ್ನುವ ಪ್ರಶ್ನೆ ಏಳುತ್ತದೆ. ಎಲ್ಲರ ಕಣ್ಣೂ ತಾಯಿಯ ಕಡೆಗೇ ತಿರುಗುತ್ತದೆ. ಅಲ್ಲಿ ಹಲ್ಲು ಅನ್ನುವುದು ಆಕೆಗೆ ಸಿಗುವ ಒಂದೇ ಒಂದು ಆಸರೆ. ಅದನ್ನು ಕಿತ್ತುಕೊಂಡು ಬರೀ ವೈದ್ಯಕೀಯ ಸತ್ಯ ಹೇಳಿ ಕಳಿಸಿದರೆ ಆಕೆಗೆ ಏನು ಉಪಯೋಗ? ಹಾಗಂತ ಸುಳ್ಳಿಗೆ ತಲೆಯಾಡಿಸುವುದೂ ನನ್ನಿಂದಾಗದು. ಎಲ್ಲಕ್ಕೂ ಹಲ್ಲು ಅನ್ನುವ ಮನೆಯಲ್ಲಿ ಒಂದು ದಿನ ನಿಜವಾದ ಕಾಯಿಲೆ ಬಂದರೂ ಹಲ್ಲೇ ಅಂದುಕೊಂಡು ಕೂತುಬಿಡುತ್ತಾರೆ.

ಮೊದಲು ಜೊಲ್ಲಿನ ಬಗ್ಗೆ ಹೇಳಿದೆ. ಎರಡು ಮೂರು ತಿಂಗಳಾದಾಗ ಮಕ್ಕಳ ಬಾಯಲ್ಲಿ ಜೊಲ್ಲು ಜಾಸ್ತಿ ಊರುತ್ತದೆ, ಅದನ್ನು ನುಂಗುವುದು ಅವಕ್ಕೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಕೈ ಬಾಯಿಗೆ ಹೋಗುವುದೂ ಆ ವಯಸ್ಸಿನ ಬೆಳವಣಿಗೆಯೇ. ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿಗೆ ಬರುತ್ತದೆ. ನಾಲ್ಕಕ್ಕೇ ಬಂದರೂ, ಹನ್ನೆರಡಾದರೂ ಗಾಬರಿ ಬೇಡ. ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ 2000ರಲ್ಲಿ ಒಂದು ಅಧ್ಯಯನ ಬಂದಿತ್ತು. 100ಕ್ಕೂ ಹೆಚ್ಚು ಮಕ್ಕಳ ಹೆತ್ತವರು ದಿನದಿನವೂ ಲಕ್ಷಣ ಬರೆದಿಟ್ಟಿದ್ದರು. ಹಲ್ಲು ಮೂಡುವ ನಾಲ್ಕು ದಿನ ಮುಂಚಿನಿಂದ ಮೂರು ದಿನ ಆಮೇಲಿನವರೆಗೆ ಕಚ್ಚುವುದು, ಜೊಲ್ಲು, ಕಿರಿಕಿರಿ, ಎಚ್ಚರವಾಗಿರುವುದು ಸ್ವಲ್ಪ ಜಾಸ್ತಿ ಕಂಡಿತು. ಜೋರು ಜ್ವರವಾಗಲಿ ಭೇದಿಯಾಗಲಿ ಹಲ್ಲಿನ ಜೊತೆ ಬರಲಿಲ್ಲ. ಅಂದರೆ ಹಲ್ಲಿನ ಕಾಟ ಕೆಲವೇ ದಿನದ್ದು. ತಿಂಗಳುಗಟ್ಟಲೆ ಅಳುವುದಕ್ಕೆ ಹಲ್ಲು ಕಾರಣ ಅಲ್ಲ.

ಹಾಗಿದ್ದರೆ ಎಷ್ಟೋ ಮಕ್ಕಳಿಗೆ ಹಲ್ಲು ಬರುವಾಗಲೇ ಜ್ವರ, ಭೇದಿ ಆಗುವುದು ಯಾಕೆ ಅಂತ ಆಕೆ ಕೇಳಿದರು. ಒಳ್ಳೆಯ ಪ್ರಶ್ನೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಆರು ತಿಂಗಳ ಹೊತ್ತಿಗೆ ಕಡಿಮೆಯಾಗುತ್ತಾ ಬರುತ್ತದೆ. ಮಗು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವುದೂ ಆಗಲೇ. ಸೋಂಕಿಗೂ ಹಲ್ಲಿಗೂ ಕಾಲ ಒಂದೇ, ಕಾರಣ ಬೇರೆ.

ಹಾಲಿನ ಮಾತಿಗೆ ಬಾಯಿಮಾತಿನ ಉತ್ತರ ಸಾಲದು ಅನಿಸಿತು. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಮಗುವನ್ನು ತೂಗಿಸಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ ಅಂದೆ. ತೂಕ ಸರಿಯಾಗಿ ಏರುತ್ತಿದ್ದರೆ, ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ಅದನ್ನು ಡಾಕ್ಟರ್ ಬಾಯಿಂದ ಅತ್ತೆ ತಾವೇ ಕೇಳಲಿ ಅನ್ನುವುದು ನನ್ನ ಉದ್ದೇಶ. ತೂಕ ಏರಿತ್ತು. ಹಾಲಿನ ಮಾತು ಅಲ್ಲಿಗೆ ನಿಂತಿತು.

ಅತ್ತೆಯವರನ್ನು ದೂರ ಇಟ್ಟು ಸಲಹೆ ಕೊಡುವುದು ನನಗೆ ಒಗ್ಗುವುದಿಲ್ಲ. ಮುಂದಿನ ಸಲ ಅವರೂ ಬಂದರು. ವಸಡು ನೀವುವ ಕೆಲಸ ಅವರಿಗೇ ಒಪ್ಪಿಸಿದೆ. ಉಗುರು ಕತ್ತರಿಸಿ, ಕೈ ತೊಳೆದು, ಬೆರಳಿನಿಂದ ಒಂದೆರಡು ನಿಮಿಷ ಹಗುರವಾಗಿ ಉಜ್ಜಬೇಕು. ಮುಂದೆ ಹಲ್ಲು ಬರುವಾಗ ಶುದ್ಧ ನೀರಲ್ಲಿ ಹಿಂಡಿದ ಬಟ್ಟೆಯನ್ನು ತಣ್ಣಗೆ ಮಾಡಿ ಕಚ್ಚಲು ಕೊಡಬಹುದು. ಗಟ್ಟಿ ರಬ್ಬರಿನ ಟೀದರನ್ನು ಫ್ರಿಜ್‌ನಲ್ಲಿ ತಣಿಸಿ ಕೊಟ್ಟರೂ ಆಯಿತು. ಫ್ರೀಜರ್ ಬೇಡ, ಕಲ್ಲಾದರೆ ವಸಡಿಗೇ ಪೆಟ್ಟು. ಜೊಲ್ಲನ್ನು ಉಜ್ಜದೆ ಒತ್ತಿ ಒರೆಸಬೇಕು, ಇಲ್ಲದಿದ್ದರೆ ಗಲ್ಲ, ಕತ್ತು ಕೆಂಪಾಗುತ್ತದೆ. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೆ ಸೋಕಿಸಲೂ ಬಾರದು, ಬಾಟುಲಿಸಂ ಅನ್ನುವ ವಿಷಬಾಧೆಯ ಅಪಾಯ ಇದೆ. ಅಳು ಕೆರಳಿದ ಸಂಜೆಗಳಲ್ಲಿ ಮಗುವನ್ನು ಎತ್ತಿಕೊಂಡು ಓಡಾಡುವುದು ಗಂಡನ ಪಾಲಿಗೆ ಬಂತು. ಅದಕ್ಕೆ ಜಾಸ್ತಿ ಚರ್ಚೆ ಆಗಲಿಲ್ಲ.

ಜೆಲ್ ವಿಷಯದಲ್ಲಿ ಮಾತ್ರ ನಾನು ಒಂದಿಷ್ಟೂ ಸಡಿಲ ಬಿಡಲಿಲ್ಲ. ಟ್ಯೂಬಿನ ಮೇಲೆ ಬೆಂಜೊಕೇನ್ ಅಂತ ಇತ್ತು. ಎರಡು ವರ್ಷದೊಳಗಿನ ಮಕ್ಕಳ ವಸಡಿಗೆ ಇದನ್ನು ಹಚ್ಚಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಖಡಾಖಂಡಿತವಾಗಿ ಹೇಳಿದೆ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುವ ಅಪಾಯ ಅದರಲ್ಲಿದೆ. ಹೇಗೂ ಜೊಲ್ಲಿನ ಜೊತೆ ಅದು ಕೆಲವೇ ನಿಮಿಷದಲ್ಲಿ ಕೊಚ್ಚಿಹೋಗುತ್ತದೆ. ಜೋಮು ಹಿಡಿಸುವ ಇನ್ನೊಂದು ಔಷಧ ಲಿಡೊಕೇನ್, ಅದನ್ನೂ ಹಚ್ಚಬಾರದು. ಹಲ್ಲು ಬರುವ ನೋವಿಗೆ ಅಂತ ಕತ್ತಿಗೆ ಹಾಕುವ ಮಣಿಸರದ ಬಗ್ಗೆಯೂ ಅದೇ ವರ್ಷ ಎಚ್ಚರಿಕೆ ಬಂತು, ಉಸಿರುಕಟ್ಟಿ ಮಗು ಸತ್ತದ್ದುಂಟು.

ನೀವು ಆಪ್ತಸಲಹೆಗಾರರು, ಮನಸ್ಸಿನ ಮಾತು ಬಿಟ್ಟು ಔಷಧದ ಮಾತು ಯಾಕೆ ಅಂತ ನನ್ನನ್ನು ಕೇಳಿದವರಿದ್ದಾರೆ. ಅಂಗಡಿಯಲ್ಲಿ ಸಿಗುತ್ತೆ, ಎಲ್ಲರೂ ಹಚ್ಚುತ್ತಾರೆ ಅನ್ನುವ ಧೈರ್ಯವೂ ಮನಸ್ಸಿನದೇ ವಿಷಯ. ಒಂದು ಕಾಲದಲ್ಲಿ ಬ್ರಿಟನ್‌ನಲ್ಲಿ ಹಲ್ಲು ಬರುವ ಮಕ್ಕಳಿಗೆಂದೇ ಪಾದರಸ ಸೇರಿದ ಪುಡಿ ಮಾರುತ್ತಿದ್ದರು. ಮಕ್ಕಳ ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸುಲಿಯುವ ಕಾಯಿಲೆ ಎಷ್ಟೋ ಮನೆಗಳಲ್ಲಿ ಕಂಡಿತು. 1950ರ ದಶಕದಲ್ಲಿ ಆ ಪುಡಿಯಿಂದ ಪಾದರಸ ತೆಗೆದ ಮೇಲೆ ಕಾಯಿಲೆಯೂ ಹೆಚ್ಚುಕಡಿಮೆ ಮಾಯವಾಯಿತು. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟಿದ್ದರು. ದಣಿದ ತಾಯಿ ಯಾರೋ ಕೊಟ್ಟದ್ದನ್ನು ನಂಬುತ್ತಾಳೆ. ಆಕೆ ನನ್ನೆದುರು ಟ್ಯೂಬ್ ತೆಗೆದಾಗ ಅದು ಡಾಕ್ಟರ್ ಕೆಲಸ ಅಂತ ನಾನು ಸುಮ್ಮನಿರಲಾರೆ.

ಕೊನೆಯದಾಗಿ ಮನೆಯಲ್ಲಿ ಆಡಲು ಒಂದು ಮಾತು ಕೊಟ್ಟೆ. ಮಗು ಅತ್ತಾಗ ಯಾಕೆ ಅಂತ ಯಾರಾದರೂ ಕೇಳಿದರೆ "ಇನ್ನೂ ಗೊತ್ತಿಲ್ಲ, ನೋಡ್ತಿದ್ದೀನಿ" ಅನ್ನಿ ಅಂದೆ. ಆಕೆ ಅದನ್ನು ನನ್ನೆದುರೇ ಹೇಳಿ ನೋಡಿದರು. ಮೊದಲ ಸಲ ದನಿ ನಡುಗಿತು. ಆಮೇಲೆ ಮತ್ತೊಂದು ಮಾತು ಸೇರಿಸಿದೆ: ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಹಲ್ಲಿನ ಲೆಕ್ಕಕ್ಕೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಮೂರು ತಿಂಗಳೊಳಗಿನ ಮಗುವಾದರೆ ತಡ ಮಾಡದೆ ಆಸ್ಪತ್ರೆಗೇ ಹೋಗಬೇಕು. ಭೇದಿ, ವಾಂತಿ, ಉಚ್ಚೆ ಕಡಿಮೆಯಾಗುವುದು, ನೆತ್ತಿ ಗುಳಿ ಬೀಳುವುದು, ಹಾಲು ಕುಡಿಯದೆ ಮಂಕಾಗುವುದು, ಇವೂ ಹಾಗೇ.

ಮೂರು ತಿಂಗಳಾದ ಮೇಲೆ ಆಕೆಯ ಫೋನ್ ಬಂತು. ಮಗುವಿಗೆ ಜ್ವರ ಬಂದಿತ್ತು. ಆ ಹೊತ್ತಿಗೆ ಕೆಳಗಿನ ಒಂದು ಹಲ್ಲು ನಿಜಕ್ಕೂ ಬೆರಳಿಗೆ ತಾಗುತ್ತಿತ್ತಂತೆ. ಮನೆಯಲ್ಲಿ ಎಲ್ಲರೂ ಹಲ್ಲಿನ ಜ್ವರ ಅಂದರು, ಈ ಸಲ ಹಾಗೆನ್ನಲು ಕಾರಣವೂ ಇತ್ತು. ಆಕೆ ಜ್ವರ ಅಳೆದರು, 39 ತೋರಿಸಿತು. "ಹಲ್ಲೂ ಇರಬಹುದು ಅತ್ತೆ, ಆದ್ರೂ ತೋರಿಸ್ಕೊಂಡು ಬರೋಣ" ಅಂದು ಹೊರಟರು. ಅತ್ತೆಯೂ ಜೊತೆಗೆ ಹೋದರು. ಕಿವಿಯಲ್ಲಿ ಸೋಂಕಾಗಿತ್ತು. ಔಷಧ ಶುರುವಾದ ಮೇಲೆ ಜ್ವರ ಇಳಿಯಿತು. ಹಲ್ಲು ಹೊರಗೆ ಬಂದದ್ದು ಆಮೇಲೆ, ಯಾವ ರಂಪವೂ ಇಲ್ಲದೆ. ಚಮಚ ಟಿಣ್ ಅಂದಾಗಲೇ ಅವರಿಗೆ ಗೊತ್ತಾಗಿದ್ದು.

ಇನ್ನು ಬ್ರಶ್ ಯಾವಾಗ ಶುರುಮಾಡಬೇಕು ಅಂತ ಕೇಳಿದರು. ಇವತ್ತಿನಿಂದಲೇ ಅಂದೆ. ಮೆತ್ತನೆಯ ಬ್ರಶ್, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಹೊತ್ತು.