ಎನ್ ಹಾಕಿದರೆ ಸೊನ್ನೆ, ವ್ಯಾಲ್ಯೂ ಹಾಕಿದರೆ ಎರರ್

ಪ್ರಶ್ನೆ: ಬೇರೆ ಸಾಫ್ಟ್‌ವೇರ್‌ನಿಂದ ಎಕ್ಸೆಲ್‌ಗೆ ತಂದ ಮೊತ್ತಗಳು ಬಿ ಕಾಲಂನಲ್ಲಿವೆ. ಸಮ್ ಕೊಟ್ಟರೆ 0 ಬರುತ್ತದೆ. ಎನ್ ಫಂಕ್ಷನ್ ಬಳಸಿದರೂ ಸೊನ್ನೆಯೇ. ಟೆಕ್ಸ್ಟನ್ನು ಸಂಖ್ಯೆಯಾಗಿಸುವ ವ್ಯಾಲ್ಯೂ ಫಂಕ್ಷನ್ ಬಳಸಿದರೆ ಕೆಲವು ಸಾಲುಗಳಲ್ಲಿ ಎರರ್. ಏನು ಮಾಡಲಿ?

ಉತ್ತರ: ಅಲ್ಲಿರುವುದು ಸಂಖ್ಯೆಯಂತೆ ಕಾಣುವ ಟೆಕ್ಸ್ಟ್. ಪಕ್ಕದ ಸೆಲ್‌ನಲ್ಲಿ =ಈಸ್‌ನಂಬರ್(ಬಿ2) ಹಾಕಿದರೆ (ಫಂಕ್ಷನ್, ಸೆಲ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು) ಫಾಲ್ಸ್, ಅಂದರೆ ಸಂಖ್ಯೆಯಲ್ಲ ಎಂದು ಬರುತ್ತದೆ, ನೋಡಿ. ಅಂಥ ಸೆಲ್‌ಗಳನ್ನು ಸಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎನ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಟ್ರೂ ಇದ್ದರೆ 1, ಫಾಲ್ಸ್ ಇದ್ದರೆ 0, ದಿನಾಂಕವಿದ್ದರೆ ಅದರ ಸೀರಿಯಲ್ ಸಂಖ್ಯೆ (ಎಕ್ಸೆಲ್ ಒಳಗೆ ಆ ದಿನಾಂಕಕ್ಕಿರುವ ಸಂಖ್ಯೆ) ಕೊಡುತ್ತದೆ. ಟೆಕ್ಸ್ಟ್ ಆದರೆ, ಅದು "7" ಎಂದಿದ್ದರೂ, ಸದ್ದಿಲ್ಲದೆ 0 ಕೊಟ್ಟುಬಿಡುತ್ತದೆ. ಮೊತ್ತ ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ ವ್ಯಾಲ್ಯೂ ಕೊಡುವ ಎರರೇ ವಾಸಿ. ಯಾವ ಸಾಲು ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ.

ಆ ಎರರ್‌ಗೆ ಹೆಚ್ಚಿನ ಸಲ ಕಾರಣ, ಅಂಕಿಯ ಹಿಂದೆ ಮುಂದೆ ಅಡಗಿದ 160ನೇ ಕೋಡ್‌ನ ಸ್ಪೇಸ್ (ಕೋಡ್ ಎಂದರೆ ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕಿರುವ ಸಂಖ್ಯೆ; ಇದು ಮಾಮೂಲಿ ಸ್ಪೇಸಿನಂತೆಯೇ ಕಾಣುತ್ತದೆ). ವೆಬ್ ಪುಟದಿಂದ ಕಾಪಿ ಮಾಡಿದ ಡೇಟಾದಲ್ಲಿ ಇದು ಸಾಮಾನ್ಯ. ಟ್ರಿಮ್ ತೆಗೆಯುವುದು 32ನೇ ಕೋಡ್‌ನ ಮಾಮೂಲಿ ಸ್ಪೇಸನ್ನು ಮಾತ್ರ, ಹಾಗಾಗಿ ಟ್ರಿಮ್ ಒಂದೇ ಸಾಲದು. =ಲೆನ್(ಬಿ2) ಕೊಡುವ ಸಂಖ್ಯೆ ಕಣ್ಣಿಗೆ ಕಾಣುವ ಅಕ್ಷರಗಳಿಗಿಂತ ಹೆಚ್ಚಿದ್ದರೆ ಏನೋ ಅಡಗಿದೆ ಎಂದೇ ಅರ್ಥ. ಆಗ ಸಿ2ರಲ್ಲಿ ಹೀಗೆ ಬರೆಯಿರಿ:

=ವ್ಯಾಲ್ಯೂ(ಟ್ರಿಮ್(ಸಬ್‌ಸ್ಟಿಟ್ಯೂಟ್(ಬಿ2,ಚಾರ್(160),"")))

ಫಲಿತಾಂಶದ ಬದಲು ಫಾರ್ಮುಲಾವೇ ಕಾಣಿಸಿದರೆ ಸಿ ಕಾಲಂ ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲಿದೆ. ಜನರಲ್‌ಗೆ ಬದಲಾಯಿಸಿ, ಎಫ್2 ಒತ್ತಿ ಎಂಟರ್ ಕೊಡಿ. ಕೆಳಗಿನವರೆಗೂ ಎಳೆದ ಮೇಲೆ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ ಬಿ ಕಾಲಂ ಮೇಲೆ ಹಾಕಿ.

ಕೆಲವು ಸಾಲು 1.234,56 ಎಂಬ ಯುರೋಪಿನ ಶೈಲಿಯಲ್ಲಿದ್ದರೆ (ದಶಮಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕಿ) =ನಂಬರ್‌ವ್ಯಾಲ್ಯೂ(ಬಿ2,",",".") ಬೇಕು. ಇದು ಎಕ್ಸೆಲ್ 2013ರಿಂದ ಇದೆ. ಖಾಲಿ ಸೆಲ್‌ಗೂ ಇದು 0 ಕೊಡುತ್ತದೆ. ಸರಾಸರಿ ತೆಗೆಯುವವರು ಖಾಲಿ ಸಾಲುಗಳನ್ನು ಮೊದಲೇ ಇಫ್ ಬಳಸಿ ಬೇರ್ಪಡಿಸಬೇಕು.

ಪ್ರಶ್ನೆ: 16 ಅಂಕಿಯ ಕಾರ್ಡ್ ಸಂಖ್ಯೆಗಳನ್ನೂ ಹೀಗೇ ಪರಿವರ್ತಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ, 16ನೆಯದು 0 ಆಗುತ್ತದೆ. ಆಮೇಲೆ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಾಯಿಸಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಸೊನ್ನೆಯಿಂದ ಶುರುವಾಗುವ ಕೋಡ್‌ಗಳೂ ಟೆಕ್ಸ್ಟ್ ಆಗಿಯೇ ಇರಲಿ.