ಎಲ್ಲಿ ನಿಂತು ನೋಡಿದರು?

ಪ್ರಶ್ನೆ: ಪಿಯುಸಿ ಮಕ್ಕಳಿಗೆ 1971ರ ಬಾಂಗ್ಲಾ ಯುದ್ಧದ ಪಾಠ ಮಾಡುತ್ತೇನೆ. ಹೊರದೇಶದ ಪತ್ರಕರ್ತರ ಹಳೆಯ ವರದಿಗಳನ್ನು ಓದಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಯಾರನ್ನು ನಂಬಬೇಕು?
– ಉಪನ್ಯಾಸಕಿ, ಧಾರವಾಡ

ಉತ್ತರ: ಮೇಡಂ, ಸುದ್ದಿಮನೆಯಲ್ಲಿ ಕೂತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದರಲ್ಲೇ ಮೂವತ್ತು ವರ್ಷ ಕಳೆದವನು ನಾನು. ಯಾರನ್ನು ನಂಬಬೇಕು ಅನ್ನುವುದಕ್ಕೂ ಮೊದಲು, ಅವರು ಎಲ್ಲಿ ನಿಂತು ನೋಡಿದರು, ಅಲ್ಲಿಗೆ ಯಾರು ಕರೆದುಕೊಂಡು ಹೋದರು ಅಂತ ಕೇಳಿ.

ಆ್ಯಂಟನಿ ಮಸ್ಕರೇನಸ್ ಅವರನ್ನೇ ನೋಡಿ. ನಿಮ್ಮ ಪಕ್ಕದ ಬೆಳಗಾವಿಯಲ್ಲಿ ಹುಟ್ಟಿ, ಕರಾಚಿಯಲ್ಲಿ ಬೆಳೆದವರು. ಪೂರ್ವದಲ್ಲಿ ಎಲ್ಲ ಸಹಜ ಸ್ಥಿತಿಗೆ ಮರಳಿದೆ ಅಂತ ಜನರಿಗೆ ತೋರಿಸಬೇಕು ಅಂತ ಪಾಕಿಸ್ತಾನದ ಸೇನೆ ಏಪ್ರಿಲ್‌ನಲ್ಲಿ ತಮ್ಮವರೇ ಆದ ಎಂಟು ಪತ್ರಕರ್ತರನ್ನು ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಈಗಿನ ಬಾಂಗ್ಲಾಕ್ಕೆ, ಕರೆದೊಯ್ದಿತು. ಏಳು ಜನ ಹೇಳಿದಂತೆ ಬರೆದರು. ಎಂಟನೆಯವರು ಇವರು. ನಮ್ಮವನೇ ಅಲ್ವಾ ಅಂತ ಅಧಿಕಾರಿಗಳು ಇವರೆದುರು ಏನನ್ನೂ ಮುಚ್ಚಿಡಲಿಲ್ಲ. ಕೊಮಿಲ್ಲಾದ ಹತ್ತಿರ ಅಬ್ದುಲ್ ಬಾರಿ ಅನ್ನುವ 24 ವರ್ಷದ ಹುಡುಗ ಸೈನಿಕರನ್ನು ಕಂಡು ಓಡಿದ, ಸಿಕ್ಕಿಬಿದ್ದ. ಓಡಿದ ಅನ್ನುವುದೇ ಅವನ ತಪ್ಪು. ಇನ್ನೇನು ಗುಂಡು ಹಾರಬೇಕು, ಪಕ್ಕದಲ್ಲಿದ್ದ ಮಸ್ಕರೇನಸ್ ಯಾಕೆ ಅಂತ ಕೇಳಿದರು. ನೀವು ಹೊಸಬರು, ನಿಮಗೋಸ್ಕರ ವಿಚಾರಿಸುತ್ತೇವೆ ಅಂದ ಮೇಜರ್. ಹಿಂದೂನಾ ಮುಸ್ಲಿಮನಾ ಅಂತ ತಿಳಿಯಲು, ಸುನ್ನತಿ ಆಗಿದೆಯಾ ಅಂತ ಬಟ್ಟೆ ಬಿಚ್ಚಿಸಿ ನೋಡಿದರು. ನಾನು ಈ ಭಾಗ ಓದಿದಾಗಲೆಲ್ಲ ಸ್ವಲ್ಪ ಹೊತ್ತು ಪುಟ ಮುಚ್ಚಿಟ್ಟು ಕೂರುತ್ತೇನೆ. ಕರಾಚಿಯಲ್ಲಿದ್ದರೆ ಇದನ್ನು ಬರೆಯಲಾಗದು ಅಂತ ಅವರು ಹೆಂಡತಿ ಮಕ್ಕಳನ್ನು ಮೊದಲು ಹೊರಗೆ ಸಾಗಿಸಿದರು. ಜೂನ್ 13ಕ್ಕೆ ಲಂಡನ್ನಿನ ಸಂಡೇ ಟೈಮ್ಸ್ ಅಚ್ಚು ಹಾಕಿತು. ಬಂಗಾಳಿಗಳ ಕೈಯಲ್ಲಿ ಸತ್ತ ಬಿಹಾರಿಗಳ, ಅಂದರೆ ಅಲ್ಲಿ ನೆಲೆಸಿದ್ದ ಉರ್ದು ಮಾತಿನ ಮುಸ್ಲಿಮರ, ಸಾವನ್ನೂ ಅವರು ಬಿಡದೆ ಬರೆದಿದ್ದಾರೆ. ಅದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ.

ಇನ್ನು ಬ್ರಿಟನ್ನಿನ ವರದಿಗಾರ ಸೈಮನ್ ಡ್ರಿಂಗ್. ಪಾಕ್ ಸೇನೆ ದಾಳಿ ಶುರುಮಾಡಿದ ಮಾರ್ಚ್ 25ರ ರಾತ್ರಿ ಢಾಕಾದ ಹೋಟೆಲೊಂದರಲ್ಲಿ ವಿದೇಶಿ ಪತ್ರಕರ್ತರನ್ನೆಲ್ಲ ಕೂಡಿಹಾಕಿ, ಆಮೇಲೆ ದೇಶದಿಂದಲೇ ಹೊರಹಾಕಿದಾಗ ಇವರು ಅಡಗಿ ಉಳಿದರು. ಸುಟ್ಟ ಹಾಸ್ಟೆಲು, ಸುಟ್ಟ ಬೀದಿ ಕಣ್ಣಾರೆ ಕಂಡರು. ಆದರೆ ಕಂಡದ್ದು ಢಾಕಾ ಮಾತ್ರ. ಹಳ್ಳಿಗಳಲ್ಲ.

ಮಿಕ್ಕ ಬಹುಪಾಲು ಜನ ಬರೆದದ್ದು ಕಲ್ಕತ್ತಾ ಕಡೆಯಿಂದ. ಸುಮಾರು ಒಂದು ಕೋಟಿ ನಿರಾಶ್ರಿತರು, ಮಳೆ, ಕೆಸರು, ಕಾಲರಾ. ಅದೂ ನಿಜವೇ. ಆದರೆ ಆ ವರದಿಗಳಲ್ಲಿ ಬಂಗಾಳಿ ಅಂದರೆ ಬರೀ ಕೈಚಾಚಿ ನಿಂತವನು. ಬಂಗಾಳಿಗಳದೇ ಸ್ವಾತಂತ್ರ್ಯ ಪಡೆಯಾದ ಮುಕ್ತಿವಾಹಿನಿಯ, ಬಂದೂಕು ಹಿಡಿದ ಹುಡುಗ ಅಪರೂಪಕ್ಕೆ ಕಾಣುತ್ತಾನೆ. ಡಿಸೆಂಬರ್ 3ಕ್ಕೆ ಭಾರತವೂ ಯುದ್ಧಕ್ಕೆ ಇಳಿಯಿತು ನೋಡಿ, ಅದು ಭಾರತ–ಪಾಕ್ ಯುದ್ಧ ಅಂತಲೇ ಆಗಿಹೋಯಿತು.

ನಾನೂ ಒಮ್ಮೆ ಡಿಸೆಂಬರ್ 16ರ ವಿಶೇಷ ಪುಟಕ್ಕೆ ‘ಹದಿಮೂರು ದಿನದ ಯುದ್ಧ’ ಅಂತ ಶೀರ್ಷಿಕೆ ಕೊಟ್ಟೆ. ಇಲ್ಲಿ ಓದಲು ಬಂದಿದ್ದ ಬಾಂಗ್ಲಾದ ಹುಡುಗಿಯೊಬ್ಬಳು ಆ ಪುಟ ಹಿಡಿದು ಬಂದಳು. ಪಕ್ಕದವರಿಂದ ಶೀರ್ಷಿಕೆ ಓದಿಸಿಕೊಂಡಿದ್ದಳು. ‘ನಮಗದು ಒಂಬತ್ತು ತಿಂಗಳು ಸಾರ್’ ಅಂದಳು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ತರಗತಿಗೆ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾದ ಆ ಫೋಟೋ ಒಯ್ಯಿರಿ. ಮೇಜಿನ ಮುಂದೆ ಕೂತವರು ಭಾರತದ ಜನರಲ್ ಅರೋರಾ, ಪಾಕಿಸ್ತಾನದ ಜನರಲ್ ನಿಯಾಜಿ ಇಬ್ಬರೇ. ಬಾಂಗ್ಲಾ ಪಡೆಗಳ ಉಪಮುಖ್ಯಸ್ಥ ಎ.ಕೆ. ಖಂದ್ಕರ್ ಅವತ್ತು ಅದೇ ಮೈದಾನದಲ್ಲಿದ್ದರು. ಮೊದಲು ಮಕ್ಕಳಿಂದಲೇ ಆ ಫೋಟೋಕ್ಕೆ ಅಡಿಬರಹ ಬರೆಸಿ. ಆಮೇಲೆ ಮೇಜಿನ ಮೇಲಿದ್ದ ಆ ಶರಣಾಗತಿ ಪತ್ರವನ್ನು ಓದಿಸಿ. ಅದರಲ್ಲಿ ಅರೋರಾ ಅವರನ್ನು ಭಾರತ ಮತ್ತು ಬಾಂಗ್ಲಾದೇಶ, ಎರಡೂ ಪಡೆಗಳ ಸೇನಾಪತಿ ಅಂತ ಬರೆದಿದೆ.