ಎಲುಬು ತೋರಿಸುವ ಎಕ್ಸ್-ರೇಗೆ ಹರಳಿನೊಳಗಿನ ಕಾಂತೀಯ ಜೋಡಣೆ ಹೇಗೆ ಕಾಣುತ್ತದೆ?

ಎಕ್ಸ್-ರೇಯ ಶಕ್ತಿಯನ್ನು ಒಂದು ಜಾತಿಯ ಪರಮಾಣುವಿಗೆ ಸರಿಯಾಗಿ ಹೊಂದಿಸಿದರೆ ಕಾಣುತ್ತದೆ. ಸುಮ್ನೆ ಯಾವುದೋ ಶಕ್ತಿಯ ಕಿರಣ ಬಿಟ್ಟರೆ ಕಾಂತೀಯ ಸುಳಿವು ತುಂಬಾ ಮಂಕು.

ನಮ್ಮ ಬಾಗಲಕೋಟೆ ಕಡೆಯ ಇಳಕಲ್ ಸೀರೆಯನ್ನೇ ನೆನೆಯಿರಿ. ಮಬ್ಬು ಬೆಳಕಲ್ಲಿ ಎಳೆ ಪಕ್ಕ ಎಳೆ, ಎಲ್ಲವೂ ಒಂದೇ ಥರ. ಸರಿಯಾದ ಬೆಳಕು ಬಿದ್ದಾಗ ಮೂರನೇ ಎಳೆಗೊಮ್ಮೆ ಬೇರೆ ಬಣ್ಣ ಇರುವುದು ಗೊತ್ತಾಗುತ್ತದೆ. ಎಳೆಗಳ ಅಂತರ ಬದಲಾಗಿಲ್ಲ, ಆದರೆ ವಿನ್ಯಾಸ ಮರುಕಳಿಸುವ ಅಂತರ ಮೂರು ಪಟ್ಟು ಆಯಿತು, ಅಲ್ವಾ?

ಹರಳಿನಲ್ಲೂ ಹಾಗೇ. ತಾಮ್ರಕ್ಕೆ ಆ 'ಸರಿಯಾದ ಬೆಳಕು' ಸುಮಾರು 930 ಎಲೆಕ್ಟ್ರಾನ್ ವೋಲ್ಟ್. ಆ ಶಕ್ತಿಯಲ್ಲಿ ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಹೊರಗಿನ ಖಾಲಿ ಜಾಗಕ್ಕೆ ಜಿಗಿದು, ಕ್ಷಣದಲ್ಲೇ ವಾಪಸ್ ಬಂದು ಎಕ್ಸ್-ರೇಯನ್ನು ಹೊರಬಿಡುತ್ತದೆ. ಕಾಂತತ್ವ ಹುಟ್ಟುವುದೂ ಆ ಹೊರಗಿನ ಜಾಗದ ಎಲೆಕ್ಟ್ರಾನುಗಳಿಂದಲೇ. ಅವುಗಳ ಸ್ಪಿನ್ (ಪುಟ್ಟ ಅಯಸ್ಕಾಂತದಂಥ ಗುಣ) ಯಾವ ಕಡೆಗಿದೆ, ಎಷ್ಟು ಜಾಗ ಖಾಲಿಯಿದೆ ಎಂಬುದರ ಗುರುತು ಹೊರಬಂದ ಕಿರಣದ ಮೇಲೆ ಬೀಳುತ್ತದೆ. ಈ ಗುಣ ಸಾಲಾಗಿ ಮರುಕಳಿಸುತ್ತಿದ್ದರೆ, ಹರಳಿನಿಂದ ಚದುರಿ ಬರುವ ಕಿರಣದಲ್ಲಿ, ಮೊದಲು ಏನೂ ಇಲ್ಲದ ಕೋನದಲ್ಲಿ ಹೊಸ ಹೊಳೆಯುವ ಚುಕ್ಕೆ ಮೂಡುತ್ತದೆ. ನನಗೆ ಇದರಲ್ಲಿ ಅತಿ ಇಷ್ಟದ ಗಳಿಗೆ ಅದೇ.

2012ರಲ್ಲಿ ತಾಮ್ರ ಬೆರೆತ ಒಂದು ಬಗೆಯ ಸೂಪರ್ ಕಂಡಕ್ಟರುಗಳಲ್ಲಿ (ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುಗಳು) ಎಲೆಕ್ಟ್ರಾನುಗಳು ಹೀಗೆ ಅಲೆಯಾಗಿ ಜೋಡಿಸಿಕೊಂಡಿರುವುದು ಸಿಕ್ಕಿದ್ದು ಇದೇ ದಾರಿಯಲ್ಲಿ.

ಆಸ್ಪತ್ರೆಯ ಯಂತ್ರದಲ್ಲಿ ಇದು ಆಗದು. ಶಕ್ತಿಯನ್ನು ಇಷ್ಟು ನಿಖರವಾಗಿ ತಿರುಗಿಸಿಕೊಳ್ಳಲು ಇಂದೋರಿನ ಇಂಡಸ್-2ರಂಥ ಸಿಂಕ್ರೊಟ್ರಾನ್ (ಎಲೆಕ್ಟ್ರಾನುಗಳನ್ನು ಅತಿ ವೇಗವಾಗಿ ಸುತ್ತಿಸಿ ಎಕ್ಸ್-ರೇ ಹೊರಡಿಸುವ ದೊಡ್ಡ ಯಂತ್ರ) ಬೇಕು.